ವಿಯೆನ್ನಾ ನೋಡೋದಾದರೆ ಸಂಜೆಯಿಂದ ಪ್ಲಾನ್ ಮಾಡಿ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಗೆ ಹೊರಟವರು ಸಾಮಾನ್ಯವಾಗಿ ಮೊದಲು ಅರಮನೆಗಳ ಪಟ್ಟಿ ಮಾಡುತ್ತಾರೆ. ಹೊತ್ತು ಉಳಿದರೆ ಸಂಗೀತ. ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಸಂಜೆಗಳನ್ನು ಸಂಗೀತ ಕಚೇರಿಗಳಿಗೆ ಎತ್ತಿಡಿ. ಅರಮನೆ, ಚರ್ಚು, ಮ್ಯೂಸಿಯಂಗಳನ್ನು ಆಮೇಲೆ ಹಗಲಿಗೆ ಹೊಂದಿಸಿಕೊಳ್ಳಿ. ಮೊಜಾರ್ಟ್, ಬೀಥೋವನ್, ಶೂಬರ್ಟ್, ಬ್ರಾಮ್ಸ್ ಕೊನೆಯುಸಿರೆಳೆದ ಊರು ಇದು. ಅವರ ಸಂಗೀತವನ್ನು ಇಲ್ಲಿ ಕೂತು, ಅಥವಾ ನಿಂತು, ಕೇಳಲೇಬೇಕು.

ಹೀಗಾಗಿ ತಿಂಗಳ ಆಯ್ಕೆ ಮುಖ್ಯ. ಒಪೆರಾ ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕ. ಅದನ್ನು ಆಡುವ ಇಲ್ಲಿನ ದೊಡ್ಡ ರಂಗಮಂದಿರ ಸ್ಟೇಟ್ ಒಪೆರಾದ ಸೀಸನ್ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ. ನಮ್ಮ ಮಕ್ಕಳ ಬೇಸಿಗೆ ರಜೆ, ಅಂದರೆ ಏಪ್ರಿಲ್, ಮೇ, ಇದಕ್ಕೆ ಸರಿಯಾಗಿ ಹೊಂದುತ್ತದೆ. ಚಳಿಯೂ ಅಷ್ಟಿರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಒಪೆರಾ ಬಾಗಿಲು ಹಾಕಿರುತ್ತದೆ. ಆಗ ಹೋಗುವವರಿಗೆ ರಾತ್‌ಹೌಸ್ (ನಗರಸಭೆ ಕಟ್ಟಡ) ಮುಂದಿನ ಮೈದಾನದಲ್ಲಿ ದೊಡ್ಡ ಪರದೆಯ ಮೇಲೆ ಒಪೆರಾ, ಕಚೇರಿಗಳ ಚಿತ್ರಗಳನ್ನು ಪುಕ್ಕಟೆ ತೋರಿಸುತ್ತಾರೆ. ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ನೂಕುನುಗ್ಗಲು ಜಾಸ್ತಿ, ತಡ ಮಾಡಬೇಡಿ.

ಒಪೆರಾ ಅಂದರೆ ಶ್ರೀಮಂತರ ವಿಷಯ ಅನ್ನೋ ಅಳುಕು ಬೇಡ. ಒಳ್ಳೆಯ ಸೀಟಿಗೆ 200 ಯೂರೋ ದಾಟುತ್ತದೆ, ನಿಜ. ಆದರೆ ನೂರಾರು ಜನ ನಿಂತು ನೋಡುವ ಜಾಗವೂ ಅಲ್ಲಿದೆ. ಆ ಟಿಕೆಟ್ 20 ಯೂರೋ ಒಳಗೇ ಸಿಗುತ್ತದೆ, ಪ್ರದರ್ಶನದ ದಿನವೇ ಮಾರುತ್ತಾರೆ. ಎಷ್ಟು ಗಂಟೆಗೆ ಅಂತ ಅವರ ವೆಬ್‌ಸೈಟ್‌ನಲ್ಲಿ ಹಿಂದಿನ ದಿನ ನೋಡಿಕೊಳ್ಳಿ. ಕೆಳಗಿನ ಪಾರ್ಟೆರ್ ಭಾಗ ಸಿಕ್ಕರೆ ಬಿಡಬೇಡಿ. ನಡುವಿನ ದೊಡ್ಡ ಬಾಕ್ಸಿನ (ಸೀಟುಗಳಿರುವ ಪುಟ್ಟ ಕೋಣೆಯ) ಕೆಳಗೇ ಇದೆ, ವೇದಿಕೆ ನೇರವಾಗಿ ಕಾಣುತ್ತದೆ. ಒಳಗೆ ಹೋದ ಕೂಡಲೇ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ. ಅದು ನಿಮ್ಮ ಜಾಗ ಅಂತ ಗುರುತು, ಎಲ್ಲರೂ ಒಪ್ಪುತ್ತಾರೆ. ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಓದಲು ಅಲ್ಲೇ ಪುಟ್ಟ ಪರದೆ ಇರುತ್ತದೆ. ಮೊದಲ ಸಲಕ್ಕೆ ಜರ್ಮನಿಯ ವಾಗ್ನರ್ ಬರೆದ ಒಪೆರಾ ಬೇಡ, ಐದು ಗಂಟೆ ನಿಲ್ಲಬೇಕಾದೀತು. ಪುಚ್ಚೀನಿಯ ‘ತೋಸ್ಕಾ’, ‘ಲಾ ಬೋಹೆಮ್’ ಥರದ್ದು ಸಾಕು, ಕಥೆಯೂ ಸುಲಭ. ಮಂಡಿನೋವು ಇರುವವರು ಮಾತ್ರ ನಿಲ್ಲುವ ಸಾಹಸಕ್ಕೆ ಹೋಗಬೇಡಿ, ಮೇಲಿನ ಗ್ಯಾಲರಿಯಲ್ಲಿ ಕಡಿಮೆ ಬೆಲೆಯ ಸೀಟು ಹುಡುಕಿ.

ಈ ಕಟ್ಟಡ 1869ರಲ್ಲಿ ಮೊಜಾರ್ಟ್‌ನ ‘ಡಾನ್ ಜೊವಾನಿ’ಯಿಂದ ಶುರುವಾಯಿತು. 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಸುಟ್ಟುಹೋಯಿತು. ಮುಂಭಾಗ, ದೊಡ್ಡ ಮೆಟ್ಟಿಲು ಉಳಿದವು. ಊರೇ ಹಾಳಾಗಿದ್ದ ಕಾಲ. ಆದರೂ ಜನ ಅದನ್ನು ಮತ್ತೆ ಕಟ್ಟಿ 1955ರಲ್ಲಿ ಬೀಥೋವನ್‌ನ ‘ಫಿಡೆಲಿಯೊ’ ಆಡಿಸಿದರು. ಸೆರೆಯಿಂದ ಬಿಡುಗಡೆಯಾಗುವ ಕಥೆ ಅದು. ಮೆಟ್ಟಿಲು ಹತ್ತುವಾಗ ಇದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ 1870ರ ಮ್ಯೂಸಿಕ್‌ಫೆರೈನ್ ಎಂಬ ಸಂಗೀತ ಭವನ. ಹೊಸ ವರ್ಷದ ಕಚೇರಿಯನ್ನು ಟಿವಿಯಲ್ಲಿ ನೋಡಿದವರಿಗೆ ಅದರ ಚಿನ್ನದ ಸಭಾಂಗಣ ಗೊತ್ತಿರುತ್ತದೆ. ವಾದ್ಯವೃಂದ ನಡೆಸುವ ನಮ್ಮ ಮುಂಬೈಯ ಜುಬಿನ್ ಮೆಹ್ತಾ ಓದಿದ್ದು ಇದೇ ಊರಿನಲ್ಲಿ, ಆ ಕಚೇರಿಯನ್ನು ಐದು ಸಲ ನಡೆಸಿದ್ದೂ ಇದೇ ಸಭಾಂಗಣದಲ್ಲಿ. ಇಲ್ಲೂ ನಿಲ್ಲುವ ಟಿಕೆಟ್ ಇದೆ. ಹಿಂದೆ ನಿಂತವರಿಗೆ ವೇದಿಕೆ ಅಷ್ಟಾಗಿ ಕಾಣುವುದಿಲ್ಲ. ಪರವಾಗಿಲ್ಲ, ಇಲ್ಲಿಗೆ ಕೇಳಲು ಹೋಗಬೇಕು. ಒಂದು ಮಾತು: ನಮ್ಮ ಕಚೇರಿಗಳ ಹಾಗೆ ತೊಡೆ ತಟ್ಟಿ ತಾಳ ಹಾಕುವುದು, ನಡುವೆ ‘ಭಲೇ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಸಿಂಫನಿ ಅಂದರೆ ಹಲವು ಭಾಗಗಳ ವಾದ್ಯವೃಂದದ ಕೃತಿ, ಅದರ ಒಂದು ಭಾಗ ಮುಗಿದಾಗಲೂ ಚಪ್ಪಾಳೆ ಇಲ್ಲ, ಪೂರ್ತಿ ಮುಗಿದ ಮೇಲೇ.

ಸ್ಟೀಫನ್ ಕ್ಯಾಥೆಡ್ರಲ್ ಸುತ್ತ ವಿಗ್ ಹಾಕಿಕೊಂಡವರು ಕಚೇರಿ ಟಿಕೆಟ್ ಮಾರಲು ಬರುತ್ತಾರೆ. ಅದು ಹೆಚ್ಚಾಗಿ ಪ್ರವಾಸಿಗರಿಗೆಂದೇ ಮಾಡುವ ಕಾರ್ಯಕ್ರಮ. ಆ ದುಡ್ಡಿಗೆ ನಾನಾದರೆ ಒಪೆರಾದಲ್ಲಿ ನಿಲ್ಲುತ್ತೇನೆ.

ಭಾನುವಾರ ಬೆಳಿಗ್ಗೆ 11ಕ್ಕೆ ಆಗಸ್ಟಿನಿಯನ್ ಚರ್ಚಿಗೆ ಹೋಗಿ. ಹೈಡನ್, ಮೊಜಾರ್ಟ್, ಶೂಬರ್ಟ್ ಪೂಜೆಗೆಂದೇ ಬರೆದ ಸಂಗೀತವನ್ನು ಪೂಜೆಯಲ್ಲೇ ವಾದ್ಯವೃಂದದ ಜೊತೆ ಹಾಡುತ್ತಾರೆ. ಟಿಕೆಟ್ ಇಲ್ಲ, ಕಾಣಿಕೆ ಹಾಕಬಹುದು. ದೇವರ ಕೆಲಸ ನಡೆಯುತ್ತಿರುತ್ತದೆ, ಓಡಾಡಿ ಫೋಟೊ ತೆಗೆಯುವುದು ಬೇಡ.

ಹಗಲಿಗೆ ನನ್ನ ಮೊದಲ ಆಯ್ಕೆ 71ನೇ ನಂಬರಿನ ಟ್ರಾಮ್. ರಿಂಗ್ ರಸ್ತೆಯಲ್ಲಿ ಹತ್ತಿದರೆ ಸೆಂಟ್ರಲ್ ಸ್ಮಶಾನದ ಎರಡನೇ ಗೇಟಿಗೆ ಬಿಡುತ್ತದೆ. 32ಎ ಭಾಗದಲ್ಲಿ ಬೀಥೋವನ್, ಶೂಬರ್ಟ್, ಬ್ರಾಮ್ಸ್, ಯೊಹಾನ್ ಸ್ಟ್ರೌಸ್ ಹತ್ತಿರ ಹತ್ತಿರ ಮಲಗಿದ್ದಾರೆ. ನಡುವೆ ಮೊಜಾರ್ಟ್‌ನ ಸ್ಮಾರಕವಿದೆ, ಆದರೆ ಅವನು ಅಲ್ಲಿಲ್ಲ. 1791ರಲ್ಲಿ ಅವನನ್ನು ಹೂಳಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ಸಾಮಾನ್ಯರ ಗುಂಡಿಯಲ್ಲಿ. ಸರಿಯಾದ ಜಾಗ ಇಂದಿಗೂ ತಿಳಿದಿಲ್ಲ. ಅದೂ 71ರ ದಾರಿಯಲ್ಲೇ, ವಾಪಸ್ ಬರುವಾಗ ಇಳಿಯಿರಿ. ನೆಮ್ಮದಿಯ ಜಾಗ.

ಡೋಮ್‌ಗಾಸೆಯಲ್ಲಿ ಮೊಜಾರ್ಟ್ 1784ರಿಂದ 1787ರವರೆಗೆ ಬಾಡಿಗೆಗಿದ್ದ ಮನೆಯಿದೆ, ‘ಫಿಗಾರೊ’ ಒಪೆರಾ ಬರೆದದ್ದು ಅಲ್ಲೇ. ಅವನ ಕಾಲದ ಪೀಠೋಪಕರಣ ಉಳಿದಿಲ್ಲ, ಸಮಯ ಕಡಿಮೆಯಿದ್ದರೆ ಬಿಡಬಹುದು. ಅದರ ಬದಲು ಯು4 ಮೆಟ್ರೊ ಹಿಡಿದು ಹೈಲಿಗೆನ್‌ಸ್ಟಾಟ್‌ಗೆ ಹೋಗಿ. 1802ರಲ್ಲಿ ಬೀಥೋವನ್ ಕಿವಿ ಕೇಳಿಸದಾಗುತ್ತಿರುವ ಸಂಕಟವನ್ನು ತಮ್ಮಂದಿರಿಗೆ ಕಾಗದದಲ್ಲಿ ಬರೆದದ್ದು ಇಲ್ಲಿ. ಈಗ ಅಲ್ಲೊಂದು ಮ್ಯೂಸಿಯಂ ಇದೆ. ನೋಡಿಕೊಂಡು 38ಎ ಬಸ್ ಹತ್ತಿದರೆ ದ್ರಾಕ್ಷಿತೋಟಗಳ ನಡುವೆ ಕಾಲೆನ್‌ಬರ್ಗ್ ಗುಡ್ಡ, ಮೇಲಿಂದ ಇಡೀ ಊರು ಕಾಣುತ್ತದೆ.

ಶೋನ್‌ಬ್ರುನ್ ಅರಮನೆಗೆ ಆನ್‌ಲೈನ್‌ನಲ್ಲೇ ಸಮಯ ಕಾದಿರಿಸಿ. ಆರು ವರ್ಷದ ಮೊಜಾರ್ಟ್ ರಾಣಿ ಮರಿಯಾ ತೆರೇಸಾ ಮುಂದೆ ನುಡಿಸಿದ್ದು ಇಲ್ಲೇ, 1762ರಲ್ಲಿ. ದೊಡ್ಡ ತೋಟಕ್ಕೆ ಟಿಕೆಟ್ ಇಲ್ಲ.

ನಲ್ಲಿ ನೀರು ಆಲ್ಪ್ಸ್ ಬೆಟ್ಟದಿಂದ ಬರುತ್ತದೆ, ಸುಮ್ನೆ ಬಾಟಲಿಗೆ ದುಡ್ಡು ಹಾಕಬೇಡಿ. ಸಸ್ಯಾಹಾರಿಗಳಿಗೆ ನಾಷ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್ ಸಿಗುತ್ತದೆ. ಭಾನುವಾರ ಸಂತೆಯೂ ಇಲ್ಲ, ಬಹುತೇಕ ಅಂಗಡಿಗಳೂ ಇಲ್ಲ. ಹಣ್ಣು, ಬ್ರೆಡ್ಡು, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ.