ಹಟ್ಟಿಗೊಬ್ಬರ ಹಾಕಿ ಕೆಡಿಸಿದ ಹೂವಿನ ಬಯಲು: ಪರ್ಕಳದ ಒಂದು ಕೆಲಸದಿಂದ ಕಲಿತದ್ದು

ಉಡುಪಿ, ಮಣಿಪಾಲದ ಆಸುಪಾಸಿನಲ್ಲಿ ಮನೆ ತೋಟ ಮಾಡಿಕೊಡುವುದು ನನ್ನ ಕೆಲಸ. ಶುರು ಮಾಡಿ 12 ವರ್ಷವಾಯಿತು. ಹೆಚ್ಚಿನವರಿಗೆ ಬೇಕಾದದ್ದು ಲಾನ್, ನಾಲ್ಕು ಕುಂಡ, ಗೇಟಿನ ಹತ್ತಿರ ಎರಡು ಪಾಮ್. ಬೀಜ ಬಿತ್ತಿ ಕಾಡುಹೂವಿನ ಬಯಲು ಮಾಡಿಕೊಡಿ ಎಂದು ಮೊದಲು ಕೇಳಿದವರು ಒಂದು ಮನೆಯವರು. ಮೊದಲ ವರ್ಷ ಆ ಕೆಲಸವನ್ನು ನಾನು ಪೂರ್ತಿ ಕೆಡಿಸಿದೆ. ಈ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಮನೆ ಪರ್ಕಳದ ಹತ್ತಿರ. ಗುಡ್ಡೆ ಕಡಿದು ಮಾಡಿದ ಜಾಗ. ಹಿಂದುಗಡೆ 5 ಸೆಂಟ್ಸ್ ಖಾಲಿ ಇತ್ತು, ಸ್ವಲ್ಪ ಇಳಿಜಾರು, ಮೇಲಿನ ಮೂಲೆಯಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಎದ್ದು ಕಾಣುತ್ತಿತ್ತು. ಮುಂಬಯಿಯಲ್ಲಿ ಬಹಳ ವರ್ಷ ಇದ್ದು ಊರಿಗೆ ವಾಪಸ್ ಬಂದ ಗಂಡ ಹೆಂಡತಿ. ಮಗಳು ಇಂಗ್ಲೆಂಡಿನಲ್ಲಿ. ಅವಳ ಮನೆ ಹತ್ತಿರದ ಹೂವಿನ ಬಯಲಿನ ಫೋಟೋವನ್ನು ಅಮ್ಮ ಫೋನಿನಲ್ಲಿ ತೋರಿಸಿದರು. ಕೆಂಪು ಪಾಪಿ, ನೀಲಿ ಕಾರ್ನ್‌ಫ್ಲವರ್, ನಡುವೆ ಬಿಳಿ ಡೈಸಿ.

“ನಮಗೆ ಲಾನ್ ಬೇಡ ಮಾರಾಯ್ರೇ. ಹೀಗೆ ಬೇಕು. ಆಗ್ತದಾ?”

ಆಗ್ತದೆ ಅಮ್ಮ ಎಂದೆ. ಬೀಜದ ಪ್ಯಾಕೆಟ್ ಆನ್‌ಲೈನ್‌ನಲ್ಲಿ ತರಿಸಿದೆವು.

ಲಾನ್ ಮಾಡಿ ಅಭ್ಯಾಸವಾದ ಕೈ ನನ್ನದು. ಮೇ ತಿಂಗಳಲ್ಲಿ ಎರಡು ಟಿಪ್ಪರ್ ಕೆಂಪು ಮಣ್ಣು ಹೊಡೆಸಿದೆ. 30 ಚೀಲ ಹಟ್ಟಿಗೊಬ್ಬರ ಕಲಸಿದೆ. ಪತ್ತನಾಜೆ (ತುಳುನಾಡಿನಲ್ಲಿ ಮೇ ಕೊನೆಗೆ ಬರುವ, ಮಳೆಗಾಲ ಶುರು ಎಂದು ಲೆಕ್ಕ ಹಿಡಿಯುವ ದಿನ) ಕಳೆದು ನಾಲ್ಕನೇ ದಿನಕ್ಕೆ ಬೀಜ ಚೆಲ್ಲಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿದೆ. ಆಟಿ (ಜುಲೈ ನಡುವೆ ಶುರುವಾಗುವ ತುಳು ತಿಂಗಳು) ಬರುವಷ್ಟರಲ್ಲಿ ಸೊಂಟದೆತ್ತರ ಹುಲ್ಲು. ಜೇಕು, ನಾಚಿಕೆ ಮುಳ್ಳು, ಕಮ್ಯುನಿಸ್ಟ್ ಗಿಡ, ಎಲ್ಲ ಕಳೆಯೂ ಬಂದಿತ್ತು. ಪಾಪಿ ಒಂದೂ ಇಲ್ಲ. ಕಾರ್ನ್‌ಫ್ಲವರ್ ಎಂಟು ಹತ್ತು ಮೊಳೆತು, ಜೂನ್ ಮಳೆಗೆ ಬುಡ ಕೊಳೆತು ಹೋಯಿತು. ಯಜಮಾನರು ಬೈಯಲಿಲ್ಲ. ಸುಮ್ನೆ ನಿಂತು ನೋಡಿದರು. ಬೈದಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಕೂತು ಓದಿದೆ.

ಮೊದಲನೆಯದು ಗೊಬ್ಬರ. ಸತ್ವ ಜಾಸ್ತಿ ಇರುವ ಮಣ್ಣಿನಲ್ಲಿ ಹುಲ್ಲು ಬೇಗ ಎದ್ದು ಬಿಸಿಲನ್ನೆಲ್ಲ ತಾನೇ ಹಿಡಿಯುತ್ತದೆ. ಸಣ್ಣ ಹೂಗಿಡ ಅದರ ನೆರಳಿನಲ್ಲಿ ಸಾಯುತ್ತದೆ. ಬಡ ಮಣ್ಣಿನಲ್ಲಿ ಹುಲ್ಲಿಗೆ ಅಷ್ಟು ಬಲ ಇರುವುದಿಲ್ಲ. ಆಗ ಹೂವಿಗೆ ಜಾಗ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಬಯಲು ಮಾಡುವವರು ಮೇಲ್ಮಣ್ಣನ್ನೇ ಕೆರೆದು ತೆಗೆದುಬಿಡುವುದೂ ಉಂಟು. ಅಲ್ಲಿ ಯೆಲ್ಲೋ ರ‍್ಯಾಟಲ್ ಎಂಬ ಒಂದು ಗಿಡವನ್ನು ಬೇಕೆಂದೇ ಬಿತ್ತುತ್ತಾರೆ. ಅದು ಹುಲ್ಲಿನ ಬೇರಿಗೆ ತನ್ನ ಬೇರು ತಾಗಿಸಿ ಅದರ ಸತ್ವ ಹೀರುತ್ತದೆ, ಹುಲ್ಲು ಸೊರಗುತ್ತದೆ. ಹುಲ್ಲನ್ನು ಸೊರಗಿಸಲು ಅವರು ಅಷ್ಟು ಕಷ್ಟಪಡುವಾಗ ನಾನು 30 ಚೀಲ ಗೊಬ್ಬರ ಕೊಟ್ಟು ಹುಲ್ಲನ್ನು ಸಾಕಿದ್ದೆ. ಟಿಪ್ಪರ್ ಮಣ್ಣಿನ ಜೊತೆ ಕಳೆ ಬೀಜವನ್ನೂ ದುಡ್ಡು ಕೊಟ್ಟೇ ತರಿಸಿದ್ದೆ.

ಎರಡನೆಯದು ಬೀಜ. ಪಾಪಿ, ಕಾರ್ನ್‌ಫ್ಲವರ್ ಎರಡೂ ಅಲ್ಲಿನ ಗೋಧಿ ಹೊಲದ ಕಳೆಗಳು. ವರ್ಷವರ್ಷ ಉಳುಮೆಯಾಗಿ ಮಣ್ಣು ಮಗುಚಿದರೆ ಅಲ್ಲೇ ಮತ್ತೆ ಹುಟ್ಟುತ್ತವೆ, ಹುಲ್ಲು ಕೂತ ನೆಲದಲ್ಲಿ ಎರಡನೇ ವರ್ಷಕ್ಕೆ ಮಾಯ. ತಂಪು ಹವೆಯ ಗಿಡಗಳು ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮೂರಿನಲ್ಲಿ ಅವನ್ನು ಮಳೆಗಾಲದ ಶುರುವಿಗೆ ಬಿತ್ತಿದರೆ ಉಳಿಯುವುದು ಹೇಗೆ?

ದಾರಿ ತೋರಿಸಿದ್ದು ಅಮ್ಮನೇ. ಕೊಂಕಣಿಯವರು ಶ್ರಾವಣದಲ್ಲಿ ಚೂಡಿ ಪೂಜೆ ಮಾಡುತ್ತಾರಲ್ಲ, ಶುಕ್ರವಾರ, ಭಾನುವಾರ. ಗರಿಕೆ, ಸಣ್ಣ ಸಣ್ಣ ಕಾಡುಹೂ, ಎಲೆ ಸೇರಿಸಿ ಬಾಳೆ ನಾರಿನಲ್ಲಿ ಕಟ್ಟಿದ ಪುಟ್ಟ ಕಟ್ಟು ಚೂಡಿ. “ನಾವು ಸಣ್ಣವರಿರುವಾಗ ಆ ಹೂವಿಗೆ ಬಜಾರಿಗೆ ಯಾರು ಹೋಗ್ತಿದ್ರು? ಗುಡ್ಡೆಯಲ್ಲಿ ಕೊಯ್ದು ತರುವುದು” ಎಂದರು.

ಮನೆ ಹಿಂದಿನ ಪದವು, ಅಂದರೆ ಗುಡ್ಡೆ ಮೇಲಿನ ಸಮತಟ್ಟು ಕಲ್ಲು ಬಯಲು, ಅದಕ್ಕೆ ಸೆಪ್ಟೆಂಬರ್‌ನಲ್ಲಿ ಹತ್ತಿದೆ. ಆ ದಾರಿಯಲ್ಲಿ ನೂರು ಸಲ ಬೈಕ್ ಓಡಿಸಿದ್ದೇನೆ, ಇಳಿದು ನೋಡಿರಲಿಲ್ಲ. ಎರಡು ಬೆರಳು ದಪ್ಪ ಮಣ್ಣು, ಕೆಳಗೆ ಕಲ್ಲು. ಅದರ ಮೇಲೆ ತುಂಬೆ, ಕರ್ಣಕುಂಡಲ, ವಿಷ್ಣುಕ್ರಾಂತಿ, ಸಹದೇವಿ, ಹಳದಿ ಹೂವಿನ ಗಿಲಿಗಿಚ್ಚಿ. ಯಾರೂ ಗೊಬ್ಬರ ಹಾಕಿಲ್ಲ, ನೀರು ಬಿಟ್ಟಿಲ್ಲ. ನೀರು ನಿಂತ ತೆಳು ಜಾಗದಲ್ಲಿ ಯುಟ್ರಿಕ್ಯುಲೇರಿಯಾದ ನೇರಳೆ ಹೂ. ಮಣ್ಣಿನಲ್ಲಿ ಸತ್ವ ಇಲ್ಲದೆ ನೀರಿನ ಸೂಕ್ಷ್ಮ ಹುಳುಗಳನ್ನು ಹಿಡಿದು ತಿಂದು ಬದುಕುವ ಗಿಡ ಅದು. ಅದನ್ನು ಮಾತ್ರ ಯಾರೂ ಕಿತ್ತು ತರಬೇಡಿ. ಕಲ್ಲಿನ ಮೇಲೆ ನೀರು ಪದರವಾಗಿ ಹರಿಯುವ ಜಾಗ ಬಿಟ್ಟರೆ ಅಂಗಳದಲ್ಲಿ ಅದು ಬದುಕುವುದಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಬೀಜ ಕೂಡಿಸಿದೆವು. ಅಮ್ಮನ ಸಂಬಂಧಿಕರ ಜಾಗ, ನಮ್ಮ ಮನೆ ಜಾಗ, ಕೇಳಿ ಒಪ್ಪಿದವರ ಗದ್ದೆ ಬದು. ಒಂದು ಕಡೆ ಹತ್ತು ಗಿಡ ಇದ್ದರೆ ಎರಡರ ಬೀಜ ಮಾತ್ರ, ಉಳಿದದ್ದು ಅಲ್ಲಿಗೇ. ತುಂಬೆಯ ಒಣ ತೆನೆಯನ್ನು ಪೇಪರ್ ಮೇಲೆ ಬಡಿದರೆ ಬೀಜ ಉದುರುತ್ತದೆ. ಕರ್ಣಕುಂಡಲದ ಕಾಯಿ ಬಲಿತರೆ ಮುಟ್ಟಿದ ಕೂಡಲೇ ಸಿಡಿಯುತ್ತದೆ. ಅದಕ್ಕೆ ಹಳೆ ವೇಲಿನ ತುಂಡನ್ನು ಗಿಡಕ್ಕೆ ಸಡಿಲವಾಗಿ ಕಟ್ಟಿ ಎರಡು ದಿನ ಬಿಡುವುದು. ನೆರಳಿನಲ್ಲಿ ಒಣಗಿಸಿ, ಪೇಪರ್ ಲಕೋಟೆಗೆ ಹಾಕಿ, ಹೆಸರು ಬರೆದು ಸ್ಟೀಲ್ ಡಬ್ಬದಲ್ಲಿ ಇಟ್ಟೆವು. ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟದ್ದು ಬೂಸ್ಟು ಬಂತು.

ಕಾಡುಹೂವಿನ ಬೀಜ ಮಾತ್ರವೇ ಆದರೆ ಚದರ ಮೀಟರಿಗೆ 3ರಿಂದ 5 ಗ್ರಾಂ ಬೇಕು ಎಂಬುದು ರೂಢಿಯ ಲೆಕ್ಕ. 5 ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರ್. ಕಡಿಮೆ ಎಂದರೂ 600 ಗ್ರಾಂ. ತುಂಬೆ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, 600 ಗ್ರಾಂ ಕೂಡಿಸುವುದು ಎಂಥ ಕೆಲಸ. ನಮಗೆ ಸಿಗಲಿಲ್ಲ. ಇದ್ದಷ್ಟಕ್ಕೆ 2 ಸೆಂಟ್ಸ್ ಮಾತ್ರ ಬಿತ್ತೋಣ ಎಂದು ಅಮ್ಮನಿಗೆ ಹೇಳಿದೆ. ತೆಳುವಾಗಿ ಎಲ್ಲ ಕಡೆ ಚೆಲ್ಲಿದ್ದರೆ ಖಾಲಿ ಬಿಟ್ಟ ಜಾಗವನ್ನೆಲ್ಲ ಮತ್ತೆ ಜೇಕು ಹಿಡಿಯುತ್ತಿತ್ತು.

ಎರಡನೇ ವರ್ಷ ನೆಲದ ಕೆಲಸಕ್ಕೇ ಸಮಯ ಕೊಟ್ಟೆ. ಮಾರ್ಚ್‌ನಲ್ಲಿ, ನಾನೇ ಹಾಕಿಸಿದ್ದ ಮಣ್ಣನ್ನು ಕೆರೆದು ತೆಗೆಸಿ ಅವರ ತೆಂಗಿನ ಬುಡಕ್ಕೆ ಹಾಕಿಸಿದೆ. ಕೆಳಗಿನ ಜಲ್ಲಿ ಜಲ್ಲಿ ಕೆಂಪು ನೆಲ ಕಂಡಿತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅದರಲ್ಲಿ ಕಳೆ ಮೊಳೆಯುತ್ತದೆ. ಮೊಳೆಯಲಿ ಎಂದು ಬಿಡಬೇಕು. ಎರಡೆಲೆ ಬಂದಾಗ ಗುದ್ದಲಿಯಿಂದ ಮೇಲೆ ಮೇಲೆ ಕೆರೆದು ತೆಗೆಯಬೇಕು, ಒಂದು ಇಂಚಿಗಿಂತ ಆಳ ಹೋಗಬಾರದು. ಆಳ ಅಗೆದರೆ ಅಡಿಯಲ್ಲಿ ಮಲಗಿದ್ದ ಬೀಜ ಮೇಲೆ ಬರುತ್ತದೆ. ಹೀಗೆ ಎರಡು ಸಲ ಮಾಡಿದೆವು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಅದಕ್ಕೆ ಹೋದದ್ದು ಎರಡು ಆಳಿನ ಎರಡು ದಿನದ ಕೂಲಿ ಅಷ್ಟೆ.

ಇಳಿಜಾರಿಗೆ ಅಡ್ಡಲಾಗಿ ತೆಂಗಿನ ಸಿಪ್ಪೆಯನ್ನು ಅರ್ಧ ಹೂತು ಸಾಲು ಮಾಡಿದೆವು, ಆರಾರು ಅಡಿಗೆ ಒಂದು. ಜೂನ್ ಮಳೆಗೆ ಕೊಚ್ಚಿ ಹೋಗುವ ಬೀಜ ಅಲ್ಲಿ ತಡೆದು ನಿಂತು ಮೊಳೆಯುತ್ತದೆ. ಗಿಲಿಗಿಚ್ಚಿ ಬೀಜದ ಸಿಪ್ಪೆ ಗಟ್ಟಿ. ಅದನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ರಾತ್ರಿ ನೀರಿನಲ್ಲಿ ನೆನೆಸಿದೆ. ಉಳಿದ ಬೀಜಕ್ಕೆ ಅದರ ಹತ್ತು ಪಾಲು ಒಣ ಮರಳು ಬೆರೆಸಿದೆ. ಮರಳು ಇದ್ದರೆ ಬೀಜ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಕಾಣುತ್ತದೆ. ಮಳೆ ಸ್ವಲ್ಪ ಹೊಳವಾದ ದಿನ ನೋಡಿ ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಚೆಲ್ಲಿದೆವು. ಮಣ್ಣು ಮುಚ್ಚಲಿಲ್ಲ. ಹಲಗೆ ಇಟ್ಟು ಅದರ ಮೇಲೆ ನಡೆದೆವು. ಸಣ್ಣ ಬೀಜಕ್ಕೆ ಬೆಳಕೂ ಬೇಕು, ನೆಲವೂ ತಾಗಬೇಕು.

ಆ ದಿನವೇ ಒಂದೊಂದು ಜಾತಿಯ ಹತ್ತು ಬೀಜವನ್ನು ಬೇರೆ ಬೇರೆ ಗ್ರೋ ಬ್ಯಾಗಿನಲ್ಲಿ ಹಾಕಿ, ಹೆಸರು ಬರೆದು ಅಂಗಳದ ಬದಿಯಲ್ಲಿ ಇಟ್ಟೆ. ನನ್ನ ಹುಡುಗರಿಗೆ ಗಿಡ ಗೊತ್ತು, ಎರಡೆಲೆಯ ಸಸಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಕಳೆ ಕೀಳುವ ಮೊದಲು ಬ್ಯಾಗಿನ ಸಸಿ ನೋಡುವುದು, ಹಾಗೆ ಕಂಡದ್ದನ್ನು ಬಿಡುವುದು, ಬೇರೆಯದನ್ನು ಕೀಳುವುದು. ಸಂಶಯ ಬಂದರೆ ಒಂದು ವಾರ ಬಿಡುವುದು. ಆ ಮಳೆಗಾಲ ಹದಿನೈದು ದಿನಕ್ಕೊಮ್ಮೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತೆವು. ಆಗಸ್ಟ್‌ನಲ್ಲಿ ಕರ್ಣಕುಂಡಲ ಗುಲಾಬಿ ಬಣ್ಣದಲ್ಲಿ ಅರಳಿತು. ತುಂಬೆಯ ಹಿಂದೆ ಜೇನು ಬಂತು.

ಆಮೇಲೆ ಮತ್ತೊಂದು ತಪ್ಪು. ಚೌತಿಗೆ ನೆಂಟರು ಬರುತ್ತಾರೆ, ಹಿತ್ತಿಲು ಸ್ವಲ್ಪ ಸಾಫ್ ಆಗಲಿ ಎಂದು ಯಜಮಾನರು ಹುಲ್ಲು ಕತ್ತರಿಸುವವರನ್ನು ಕರೆಸಿದರು. ಅರ್ಧ ಗಂಟೆಯಲ್ಲಿ ಒಂದು ಸೆಂಟ್ಸ್‌ನಷ್ಟು ಹೂ ನೆಲಕ್ಕೆ. ಬೀಜ ಇನ್ನೂ ಹಸಿ. ನನಗೆ ಫೋನ್ ಬಂದಾಗ ಸಂಕಟ ಆಯಿತು. ಆದರೆ ಯಾವಾಗ ಕೊಯ್ಯಬೇಕು ಎಂದು ಅವರಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ನನ್ನ ತಲೆಯಲ್ಲಿ ಇತ್ತು, ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಈಗ ಇಂಥ ಕೆಲಸ ಒಪ್ಪಿಕೊಂಡರೆ ಅವರ ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದು ಬರುತ್ತೇನೆ: ನವೆಂಬರ್ ಕೊನೆಯ ತನಕ ಕತ್ತಿ ತಾಗಿಸಬೇಡಿ.

ಆ ಕೊಯ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಬೀಜ ಒಣಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕೊಯ್ಯುವುದು. ಎರಡು ಮೂರು ದಿನ ಅಲ್ಲೇ ಒಣಗಲು ಬಿಡುವುದು, ಬೀಜ ಉದುರಲಿ. ಆಮೇಲೆ ಒಂದು ಕಡ್ಡಿಯೂ ಉಳಿಯದ ಹಾಗೆ ಹೊರಗೆ ಸಾಗಿಸುವುದು. ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರವಾಗಿ ಮತ್ತೆ ಹುಲ್ಲಿಗೆ ಬಲ ಬರುತ್ತದೆ. ಇಂಗ್ಲೆಂಡಿನಲ್ಲೂ ಬೇಸಿಗೆಯ ಕೊನೆಗೆ ಕೊಯ್ದು ಹುಲ್ಲನ್ನು ಸಾಗಿಸುತ್ತಾರೆ, ಕಾರಣ ಇದೇ. ನಮ್ಮಲ್ಲಿ ಒಂದು ಎಚ್ಚರಿಕೆ ಬೇಕು. ಗಿಲಿಗಿಚ್ಚಿಯ ಹಲವು ಜಾತಿ ದನಕ್ಕೆ ವಿಷ. ಅದು ಬೆರೆತ ಹುಲ್ಲನ್ನು ಹಟ್ಟಿಗೆ ಕೊಡಬೇಡಿ. ಆದರೆ ಅದೇ ಗಿಡ ಬೇಕೆಂದು ನೀಲಿ ಹುಲಿ ಚಿಟ್ಟೆಗಳು ಹುಡುಕಿ ಬರುತ್ತವೆ. ಅದರ ರಸವನ್ನು ಹೀರಿ ಮೈಯಲ್ಲಿ ಇಟ್ಟುಕೊಂಡರೆ ಹಕ್ಕಿಗಳು ಅವನ್ನು ತಿನ್ನುವುದಿಲ್ಲ. ಹಾಗಾಗಿ ನಾನು ಆ ಗಿಡ ಬಿಡುವುದಿಲ್ಲ.

ಎಲ್ಲರೂ ಮೊದಲು ಕೇಳುವುದು ಹಾವಿನ ಬಗ್ಗೆ. ಆ ಭಯ ಸುಮ್ನೆ ಅಲ್ಲ. ಮನೆಯ ಗೋಡೆಯಿಂದ ಆರು ಅಡಿ ಗಿಡ ಇಲ್ಲದ ಜಾಗ ಬಿಡಿ. ಬಾವಿಗೆ, ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ದಾರಿಯನ್ನು ನಾಲ್ಕು ಅಡಿ ಅಗಲಕ್ಕೆ ಯಾವಾಗಲೂ ಕತ್ತರಿಸಿ ಇಡಿ. ಅಂಚು ನೇರವಾಗಿ ಕತ್ತರಿಸಿದ್ದರೆ ನೋಡಿದವರಿಗೆ ಇದು ಹಾಳು ಬಿಟ್ಟ ಜಾಗ ಅಲ್ಲ ಎಂದೂ ತಿಳಿಯುತ್ತದೆ. ಪಕ್ಕದ ಮನೆಯವರ ದೂರು ಅಲ್ಲಿಗೆ ನಿಂತಿತು.

ಜನವರಿಯಿಂದ ಮೇ ತನಕ ಈ ಜಾಗ ಒಣಗಿ ಕಂದು ಬಣ್ಣದಲ್ಲಿ ಇರುತ್ತದೆ. ನೀರು ಬಿಡಬಾರದು. ಅದನ್ನು ನೋಡಲು ಆಗದವರಿಗೆ ನಾನೇ ಲಾನ್ ಮಾಡಿಸಿಕೊಳ್ಳಿ ಎನ್ನುತ್ತೇನೆ.

ಕೂಲಿ ಲೆಕ್ಕವೂ ಬದಲಾಯಿತು. ಗಿಡ, ಮಣ್ಣು, ಗೊಬ್ಬರದ ಬಿಲ್ ಬರೆದು ಅಭ್ಯಾಸ ನನಗೆ. ಇಲ್ಲಿ ಸಾಮಾನಿನ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಇರುವುದು ಕೆರೆಯುವುದು, ಕೀಳುವುದು, ಕಾಯುವುದು, ಸಾಗಿಸುವುದು. ಮೊದಲ ವರ್ಷ ಒಂದೇ ಸಲಕ್ಕೆ ದುಡ್ಡು ತೆಗೆದುಕೊಂಡು ಕೈತೊಳೆಯುವ ಹಾಗೆ ಮಾತಾಡಿದ್ದೆ. ಈಗ ಕೇಳಿದವರಿಗೆ ಮೂರು ವರ್ಷದ ಲೆಕ್ಕ ಕೊಡುತ್ತೇನೆ. ಮೊದಲ ಮಳೆಗಾಲಕ್ಕೆ ಎಂಟು ಭೇಟಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು. ಅಷ್ಟು ಬೇಡ ಎಂದವರ ಕೆಲಸ ಹಿಡಿಯುವುದಿಲ್ಲ.

ಮೂರನೇ ಶ್ರಾವಣದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಅಮ್ಮ ಮತ್ತು ಪಕ್ಕದ ಮನೆಯ ಇಬ್ಬರು ಅಕ್ಕಂದಿರು ಮಡಿಲಿನಲ್ಲಿ ಹೂ ಕೊಯ್ಯುತ್ತಿದ್ದರು. ಕರ್ಣಕುಂಡಲ, ತುಂಬೆ, ಗರಿಕೆ. ಮುರಕಲ್ಲಿನ ಮೂಲೆಯಲ್ಲಿ, ನಾವು ಬಿತ್ತದ ಒಂದು ನೀಲಿ ಹೂ ತಾನಾಗಿ ಬಂದಿತ್ತು.

“ಇದರ ಹೆಸರೇನು?” ಎಂದು ಕೇಳಿದೆ.

“ಕನ್ನಡದಲ್ಲಿ ಗೊತ್ತಿಲ್ಲ” ಎಂದು ಅಮ್ಮ ಅದನ್ನು ಕೊಂಕಣಿಯಲ್ಲಿ ಹೇಳಿದರು. ಲಕೋಟೆ ಮೇಲೆ ಹಾಗೇ ಬರೆದುಕೊಂಡೆ. ಬೀಜ ಬಲಿಯಲು ಇನ್ನೂ ಎರಡು ತಿಂಗಳು ಇತ್ತು.