ಮೆಕಾಲೆ ಕಾರಣನಾ, ನಿಜಾಮ ಕಾರಣನಾ?

ಊರು ಕಲಬುರಗಿ ಅಂದ ಕೂಡಲೇ ಧಾರವಾಡ, ಮೈಸೂರಿನ ಗೆಳೆಯರು ಕೇಳುವ ಪ್ರಶ್ನೆ ಇದು: "ನಿಮ್ಮ ಕಡೆ ಕನ್ನಡದಲ್ಲಿ ಓದೋದು ಇಷ್ಟು ತಡವಾಗಿದ್ದು ಯಾಕೆ? ಬ್ರಿಟಿಷರು ಇಂಗ್ಲಿಷ್ ತಂದಿದ್ದಕ್ಕಾ?"

ಅಲ್ಲ. ನಮ್ಮಲ್ಲಿ ಕನ್ನಡದ ಜಾಗದಲ್ಲಿ ಕೂತಿದ್ದು ಉರ್ದು.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್, ಹೈದರಾಬಾದಿನಲ್ಲಿ ಇದ್ದ, ನಿಜ. ಆದರೆ ಶಾಲೆಗಳು ನಿಜಾಮರ ಸರ್ಕಾರದ ಕೈಯಲ್ಲಿದ್ದವು. ಹಾಗಾಗಿ ಇಂಗ್ಲಿಷ್ ಕಲಿಸಿ ಎಂದ ಬ್ರಿಟಿಷ್ ಅಧಿಕಾರಿ ಮೆಕಾಲೆಯ 1835ರ ಟಿಪ್ಪಣಿ ಇಲ್ಲಿ ನಡೆಯಲಿಲ್ಲ. ಬ್ರಿಟಿಷರ ಶಿಕ್ಷಣ ನೀತಿಯಾದ 1854ರ ವುಡ್ ವರದಿಯೂ ನಡೆಯಲಿಲ್ಲ. ಈ ಎರಡನೆಯದು ಮೇಲಿನ ಓದಿಗೆ ಇಂಗ್ಲಿಷ್ ಇಟ್ಟರೂ ಕೆಳಗಿನ ಶಾಲೆಗಳಲ್ಲಿ ಜನರ ಭಾಷೆ ಇರಲಿ ಎಂದಿತ್ತು. ಮುಂದೆ ಧಾರವಾಡ ಸೇರಿದ್ದ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳಿದ್ದ ಕಡೆ ಕನ್ನಡ ಶಾಲೆ ತರಲು ದುಡಿದರು. ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಅದನ್ನು ಮಾಡಿದರು. ನಮಗೆ ಅಂಥ ದಾರಿಯೇ ಇರಲಿಲ್ಲ.

ಸಂಸ್ಥಾನದ ಕಚೇರಿ ಭಾಷೆ ಮೊದಲು ಫಾರ್ಸಿ (ಪರ್ಷಿಯನ್). 1880ರ ದಶಕದಲ್ಲಿ ಆ ಜಾಗಕ್ಕೆ ಉರ್ದು ಬಂತು. ನೌಕರಿ ಉರ್ದುವಿನಲ್ಲಿ ಅಂದ ಮೇಲೆ ಓದೂ ಅದರಲ್ಲೇ ಅಲ್ವಾ? ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡ ಉಳಿದಿದ್ದರೂ, ಮೇಲೆ ಹೋದ ಹಾಗೆ ಹೊಲದ ಮನೆಯ ಹುಡುಗನೂ ಲೆಕ್ಕ, ಇತಿಹಾಸವನ್ನು ಉರ್ದುವಿನಲ್ಲೇ ಕಲಿಯಬೇಕಾಯಿತು.

ಇದನ್ನು ಕೇಳಿ ಕೆಲವರು ಉರ್ದುವನ್ನು ಬೈಯಲು ಶುರು ಮಾಡುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಕಲಬುರಗಿ, ಬೀದರಿನಲ್ಲಿ ಅದು ಸಾವಿರಾರು ಮನೆಗಳ ಭಾಷೆ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. ಅಲ್ಲಿ ಇಂಗ್ಲಿಷ್ ಒಂದು ವಿಷಯ ಮಾತ್ರ. ವಿಜ್ಞಾನ, ಕಾನೂನು, ವೈದ್ಯಕೀಯ ಎಲ್ಲ ಉರ್ದುವಿನಲ್ಲಿ. ಪಠ್ಯಕ್ಕಾಗಿ ಪುಸ್ತಕಗಳನ್ನು ತರ್ಜುಮೆ ಮಾಡಲು ಬೇರೆಯೇ ವಿಭಾಗ ಇತ್ತು. ಭಾರತದ ಭಾಷೆಯಲ್ಲಿ ದೊಡ್ಡ ಓದು ಆಗಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ನನ್ನ ಸಂಕಟ ಬೇರೆ. ಸಂಸ್ಥಾನದ ಬಹಳಷ್ಟು ಜನ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಉರ್ದುವಿಗೆ ಸುರಿದ ಆ ಶ್ರಮ, ಆ ಹಣದ ಒಂದು ಪಾಲಾದರೂ ಈ ಮೂರಕ್ಕೆ ಬರಬೇಕಿತ್ತು.

ಜನ ಸುಮ್ನೆ ಕೂರಲಿಲ್ಲ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತು. 1930ರ ದಶಕದಲ್ಲಿ ಇಲ್ಲಿನ ಶರಣಬಸವೇಶ್ವರ ಮಠದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಸರ್ಕಾರ ಮಾಡಬೇಕಾದ ಕೆಲಸವನ್ನು ಮಠ ಮಾಡಿತು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಉಸ್ಮಾನಿಯಾ ಉರ್ದುವನ್ನು ಬಿಟ್ಟು ಇಂಗ್ಲಿಷಿಗೆ ಹೋಯಿತು. ಉರ್ದುವಿನಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರಿಗೆ ಕಾಲಡಿಯ ನೆಲವೇ ಸರಿದ ಹಾಗಾಯಿತು. ಅವರಲ್ಲಿ ಕನ್ನಡ ಮನೆಯವರೂ ಇದ್ದರು. ಅವರ ಕಷ್ಟದ ಬಗ್ಗೆ ನಾವು ತೀರಾ ಕಡಿಮೆ ಮಾತಾಡಿದ್ದೇವೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕಚೇರಿಗಳಲ್ಲೂ ಕನ್ನಡಕ್ಕೆ ದಾರಿ ಆಯಿತು.

ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಮಾತು ಬಂದಾಗ "ನಿಮಗೇ ಯಾಕೆ ವಿಶೇಷ ಸವಲತ್ತು?" ಎಂದು ಇದೇ ಗೆಳೆಯರು ಮತ್ತೆ ಕೇಳುತ್ತಾರೆ. ಮೈಸೂರಿಗೆ ವಿಶ್ವವಿದ್ಯಾಲಯ ಬಂದಿದ್ದು 1916ರಲ್ಲಿ. ಕಲಬುರಗಿಗೆ ಬಂದಿದ್ದು 1980ರಲ್ಲಿ.