ನಾನು ಉಳಿಸಿದ ಡೀಸೆಲ್

ಅಕೌಂಟ್ಸ್ ಟೇಬಲ್‌ಗೆ ಬಂದ ಮೊದಲ ವರ್ಷವೇ ನಾನು ಡೀಸೆಲ್ ಉಳಿಸಿ ಶಹಬ್ಬಾಸ್ ಅನ್ನಿಸಿಕೊಂಡೆ. ಆ ಶಹಬ್ಬಾಸ್‌ಗಿರಿಯ ಕಥೆ ಇದು.

ನಾನು ಒಂದು ಜಿಲ್ಲಾ ಕಾರಾಗೃಹದಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಸಂಬಳ, ರೇಷನ್, ಕರೆಂಟ್, ಗಾಡಿ ರಿಪೇರಿ, ಫಿನಾಯಿಲ್, ಯಾವ ಬಿಲ್ಲೇ ಆಗಲಿ ನನ್ನ ಟೇಬಲ್ ದಾಟಿ, ಸಾಹೇಬರ ಸಹಿಯಾಗಿ, ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ಕ್ಕೆ ಹೋಗಬೇಕು. ಸರ್ಕಾರದ ಲೆಕ್ಕದಲ್ಲಿ ಜೈಲಿನ ಹೆಡ್, ಅಂದರೆ ಲೆಕ್ಕ ಶೀರ್ಷಿಕೆ, 2056. ಪೊಲೀಸರದ್ದು 2055. ಪಕ್ಕಪಕ್ಕದ ನಂಬರು, ಎರಡೂ ಗೃಹ ಇಲಾಖೆಯ ಕೆಳಗೇ ಬರುತ್ತವೆ. ಆದರೆ ಈ ಹೆಡ್ಡಿನ ದುಡ್ಡನ್ನು ಆ ಹೆಡ್ಡಿಗೆ ನಾವು ಎತ್ತಿ ಹಾಕುವಂತಿಲ್ಲ. ಹೊಸದರಲ್ಲಿ ಇದೆಲ್ಲ ಬರೀ ಖಜಾನೆಯ ಕಟ್ಟುಪಾಡು ಅಂದುಕೊಂಡಿದ್ದೆ.

ಜೈಲಿನ ಬಜೆಟ್ ಬಿಗಿಯಾದರೆ ಕತ್ತರಿ ಎಲ್ಲಿ ಬೀಳುತ್ತೆ ಗೊತ್ತಾ? ಸಂಬಳ ಮುಟ್ಟುವ ಹಾಗಿಲ್ಲ. ಊಟ ನಿಲ್ಲಿಸುವ ಹಾಗಿಲ್ಲ, ಎಷ್ಟು ತಲೆ ಇವೆಯೋ ಅಷ್ಟು ಅಕ್ಕಿ ಅಳೆಯಲೇಬೇಕು. ಕರೆಂಟ್ ಕಟ್ಟದಿದ್ದರೆ ಗೋಡೆ ಮೇಲಿನ ಲೈಟೇ ಹೋಗುತ್ತೆ. ಕೊನೆಗೆ ಉಳಿಯೋದು ಗಾಡಿ, ರಿಪೇರಿ, ಕಾಗದ. ‘ಮಿತವ್ಯಯ’ ಅಂತ ಸುತ್ತೋಲೆ ಬಂದ ದಿನ ನಮ್ಮ ಕಣ್ಣು ಹೋಗೋದು ಲಾಗ್ ಬುಕ್ ಕಡೆಗೇ.

ಆ ವರ್ಷ ಅನುದಾನದ ಕಂತು ತಡವಾಯಿತು. ಬಂಕಿನಲ್ಲಿ ಬಾಕಿ ಬೆಳೆದಿತ್ತು. ಲಾಗ್ ಬುಕ್ ತಿರುವಿ ನೋಡಿದೆ. ಒಬ್ಬನಿಗೆ ಹಲ್ಲುನೋವು ಅಂತ ಸೋಮವಾರ ಜಿಲ್ಲಾಸ್ಪತ್ರೆಗೆ ಒಂದು ಟ್ರಿಪ್, ಇನ್ನೊಬ್ಬನ ಎಕ್ಸ್‌ರೇಗೆ ಬುಧವಾರ ಮತ್ತೊಂದು. ಎಲ್ಲರನ್ನೂ ಸೇರಿಸಿ ಮಂಗಳವಾರ, ಶುಕ್ರವಾರ ಮಾತ್ರ ಕಳಿಸಿದರೆ ಆಯ್ತಲ್ವಾ? ತುರ್ತಿದ್ದರೆ ಬೇರೆ ಮಾತು. ಟಿಪ್ಪಣಿ ಬರೆದೆ, ಸಹಿ ಬಿತ್ತು, ಮುಂದಿನ ತಿಂಗಳ ಡೀಸೆಲ್ ಬಿಲ್ಲು ಇಳಿಯಿತು. ಹಿರಿಯರು ಬೆನ್ನು ತಟ್ಟಿದರು.

ಒಂದು ಶುಕ್ರವಾರ ಗಾಡಿ ಹೊರಟುಹೋದ ಮೇಲೆ ವೈದ್ಯರ ಒಂದು ಚೀಟಿ ಬಂತು. ವಿಚಾರಣಾಧೀನ ಬಂದಿ, ಸಕ್ಕರೆ ಕಾಯಿಲೆಯವನು, ಕಾಲಿನ ಹೆಬ್ಬೆರಳ ಪಕ್ಕ ಬೊಬ್ಬೆ. ಚೀಟಿಯಲ್ಲಿ ‘ತುರ್ತು’ ಅಂತ ಇರಲಿಲ್ಲ. ಮಂಗಳವಾರದ ಪಟ್ಟಿಗೆ ಸೇರಿತು. ಮಂಗಳವಾರ ಪೊಲೀಸರ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಿಂದ (ಡಿಎಆರ್) ಬೆಂಗಾವಲು ಸಿಗಲಿಲ್ಲ, ಎಲ್ಲರೂ ಜಾತ್ರೆ ಬಂದೋಬಸ್ತ್‌ಗೆ ಹೋಗಿದ್ದರು. ಶುಕ್ರವಾರಕ್ಕೆ ಮುಂದೂಡಿದೆವು. ಗುರುವಾರ ರಾತ್ರಿ ಅವನಿಗೆ ಚಳಿಜ್ವರ. ಹೆಡ್ ವಾರ್ಡರ್ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರಂತೆ. ‘ವಾಸನೆಗೇ ಗೊತ್ತಾಯ್ತು ಸಾರ್’ ಅಂದರು ನನಗೆ ಮರುದಿನ. ಅಷ್ಟೇ ಅಂದರು. ನನ್ನ ಟಿಪ್ಪಣಿ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಹೆಬ್ಬೆರಳು ತೆಗೆದರು. ಆಸ್ಪತ್ರೆಯಲ್ಲಿ 19 ದಿನ ಇದ್ದ. ಬಂದಿ ಹೊರಗಿನ ಆಸ್ಪತ್ರೆಯಲ್ಲಿ ಮಲಗಿದರೆ ಹಗಲೂ ರಾತ್ರಿ ಪೊಲೀಸ್ ಕಾವಲು ಬೇಕು. ಪಾಳಿಗೆ ಇಬ್ಬರು, ದಿನಕ್ಕೆ ಮೂರು ಪಾಳಿ. ಆರನ್ನು 19ರಿಂದ ಗುಣಿಸಿ. 114 ಡ್ಯೂಟಿ. ನಾನು ಉಳಿಸಿದ್ದು ಒಂದು ಟ್ರಿಪ್ಪಿನ ಡೀಸೆಲ್, ಹೋಗಿ ಬರೋಕೆ 14 ಕಿಲೋಮೀಟರ್.

ಈ 114 ಡ್ಯೂಟಿಯಲ್ಲಿ ಒಂದೂ ನನ್ನ ಪುಸ್ತಕದಲ್ಲಿ ಕಾಣಲಿಲ್ಲ. ಅದು 2055ರ ತಲೆನೋವು. ನನ್ನ 2056 ಆ ತಿಂಗಳೂ ಥಳಥಳ ಹೊಳೀತಿತ್ತು. ಡಿಎಆರ್‌ನ ರಿಸರ್ವ್ ಸಬ್ ಇನ್‌ಸ್ಪೆಕ್ಟರ್ (ಆರ್‌ಎಸ್‌ಐ) ಒಬ್ಬರು ಫೋನ್ ಮಾಡಿ, ‘ಆರು ಜನ ಆಸ್ಪತ್ರೆಯಲ್ಲೇ ಕೂತಿದಾರೆ ಸಾರ್, ನಿಮ್ಮ ಕೋರ್ಟ್ ಪ್ರೊಡಕ್ಷನ್‌ಗೆ ಯಾರನ್ನ ಕಳಿಸಲಿ?’ ಅಂದಾಗ ನನಗೆ ತಲೆಗೆ ಹೋಯಿತು. ಕೋರ್ಟಿಗೆ ಹಾಜರಾಗದವರ ಕೇಸು ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದಷ್ಟು ದಿನ ಅವರು ನಮ್ಮಲ್ಲೇ. ಅವರ ಅಕ್ಕಿ ನನ್ನ ಬಿಲ್ಲಿಗೇ ಬಂತು. ಅಂದರೆ ಸುತ್ತು ಹಾಕಿ ಖರ್ಚು ನನ್ನ ಟೇಬಲ್‌ಗೇ ವಾಪಸ್, ಆದರೆ ‘ರೇಷನ್’ ಅನ್ನೋ ಬೇರೆ ಹೆಸರಲ್ಲಿ.

ಮಾರ್ಚ್ 31ಕ್ಕೆ ಇನ್ನೊಂದು ತಮಾಷೆ. ಕೊನೇ ಕಂತು ತಡವಾಗಿ ಬಂದು ಗಾಡಿ ಖರ್ಚಿನಲ್ಲಿ ಸ್ವಲ್ಪ ಹಣ ಉಳಿಯಿತು. ಉಳಿದದ್ದು ಲ್ಯಾಪ್ಸ್, ಮುಂದಿನ ವರ್ಷಕ್ಕೆ ಬರಲ್ಲ. ಮುಂದಿನ ವರ್ಷ ಕೇಳಿದಾಗ, ಹೋದ ವರ್ಷ ಇಷ್ಟರಲ್ಲೇ ನಡೆದಿದೆಯಲ್ಲ ಅಂತ ಕಡಿಮೆ ಕೊಟ್ಟರು.

ಇದು ನಮ್ಮ ಒಂದು ಕಟ್ಟಡದ ಕಥೆ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ ಜಾಗ 4,36,266 ಜನಕ್ಕೆ. ಇದ್ದವರು 5,73,220. ಅವರಲ್ಲಿ ನಾಲ್ವರಿಗೆ ಮೂವರು ಇನ್ನೂ ಶಿಕ್ಷೆಯೇ ಆಗದ ವಿಚಾರಣಾಧೀನರು. ಪ್ರತಿಯೊಬ್ಬರಿಗೂ ವಾಯಿದೆ ಇದೆ, ಪ್ರತಿ ವಾಯಿದೆಗೂ ಬೆಂಗಾವಲು ಬೇಕು. ಪೊಲೀಸ್, ಜೈಲು, ಕೋರ್ಟ್, ಕಾನೂನು ನೆರವು ನೋಡಿ ರಾಜ್ಯಗಳಿಗೆ ರ‍್ಯಾಂಕ್ ಕೊಡುವ ಇಂಡಿಯಾ ಜಸ್ಟಿಸ್ ರಿಪೋರ್ಟ್‌ನಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ 2022ರಲ್ಲೂ ಮೊದಲು, 2025ರಲ್ಲೂ ಮೊದಲು. ಆ ಸುದ್ದಿಯ ಪ್ರಿಂಟ್ ತೆಗೆದು ನೋಟಿಸ್ ಬೋರ್ಡ್‌ಗೆ ಹಾಕೋಣ ಅಂದ್ರೆ ನಮ್ಮ ಪ್ರಿಂಟರ್‌ನಲ್ಲಿ ಟೋನರ್ ಇರಲಿಲ್ಲ. ಸುಮ್ನೆ ಹೇಳಿದೆ.

ಕಾಲಿನ ಘಟನೆ ಆದಮೇಲೆ ನನ್ನ ಮಂಗಳವಾರ-ಶುಕ್ರವಾರದ ಟಿಪ್ಪಣಿಯನ್ನು ನಾನೇ ವಾಪಸ್ ತೆಗೆಸಿದೆ. ಹಾಗೆ ತೆಗೆಸೋಕೆ ಹೊಸ ಟಿಪ್ಪಣಿ ಬರೆಯಬೇಕು, ಕಾರಣ ಕೊಡಬೇಕು. ಮೊದಲನೆಯದಕ್ಕಿಂತ ಇದನ್ನು ಬರೆಯೋದು ಕಷ್ಟವಾಯಿತು. ಆಸ್ಪತ್ರೆಗೆ ಯಾವತ್ತು ಹೋಗಬೇಕು ಅನ್ನೋದನ್ನು ಈಗ ವೈದ್ಯರ ಚೀಟಿ ಹೇಳುತ್ತೆ, ಲಾಗ್ ಬುಕ್ ಅಲ್ಲ. ಡೀಸೆಲ್ ಬೇರೆ ಕಡೆ ಹಿಡಿದೆವು. ಬರೀ ನ್ಯಾಯಾಂಗ ಬಂಧನ ಮುಂದುವರಿಸುವ ವಾಯಿದೆಗಳನ್ನು ಕೋರ್ಟ್ ಒಪ್ಪಿದಷ್ಟೂ ವಿಡಿಯೊ ಕಾನ್ಫರೆನ್ಸ್ (ವಿಸಿ) ರೂಮಿನಿಂದಲೇ ಮುಗಿಸುತ್ತೇವೆ. ಸಾಕ್ಷಿ ವಿಚಾರಣೆ ಇದ್ದವರನ್ನು ಖುದ್ದು ಕಳಿಸುತ್ತೇವೆ.

ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಬಂದಿಗಳ ವಿವರ ಇಡುವ ಕಂಪ್ಯೂಟರ್ ವ್ಯವಸ್ಥೆ ಇ-ಪ್ರಿಸನ್ಸ್‌ನಲ್ಲಿ ಒಂದು ಕಾಲಂ. ಜಾಮೀನು ಸಿಕ್ಕ ದಿನಾಂಕ. ಅದು ನನ್ನ ಕೆಲಸವೇ ಅಲ್ಲ, ರೇಷನ್ ತಲೆ ಎಣಿಸೋಕೆ ಹೋದಾಗ ಕಂಡದ್ದು. ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದ ಹುಡುಗ, ಬೇರೆ ರಾಜ್ಯದವನು, ಸಣ್ಣ ಕಳ್ಳತನದ ಕೇಸು. ಜಾಮೀನು ಆಗಿ ನಾಲ್ಕು ತಿಂಗಳಾಗಿತ್ತು! 25,000 ರೂಪಾಯಿಗೆ ಒಬ್ಬ ಶ್ಯೂರಿಟಿ, ಅಂದರೆ ಜಾಮೀನುದಾರ, ಬೇಕು ಅಂತ ಆದೇಶ. ಈ ಜಿಲ್ಲೆಯಲ್ಲಿ ಪಹಣಿ ಹಿಡಿದು ಅವನ ಪರ ನಿಲ್ಲೋರು ಯಾರಿದ್ದಾರೆ? ನಾಲ್ಕು ತಿಂಗಳು ಅವನಿಗೆ ಉಪ್ಪಿಟ್ಟು, ಮುದ್ದೆ, ಸಾರು ಹಾಕಿದ್ದು ನನ್ನ ಬಿಲ್ಲು. ಬೀಗ ಹಾಕಿದ್ದು ನಮ್ಮ ವಾರ್ಡರ್. ಕೋರ್ಟ್ ಬಿಟ್ಟ ಮೇಲೂ ನಾವು ಬಿಟ್ಟಿರಲಿಲ್ಲ.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ: ಜಾಮೀನಾಗಿ ಏಳು ದಿನದಲ್ಲಿ ಬಂದಿ ಹೊರಗೆ ಹೋಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅದೇ ವರ್ಷ ಬಡ ಬಂದಿಗಳಿಗೆ ಕೇಂದ್ರದ ನೆರವಿನ ಯೋಜನೆ ಬಂತು. 2023ರ ನಿಯಮದಲ್ಲಿ ವಿಚಾರಣಾಧೀನರಿಗೆ ಜಾಮೀನಿನ ಹಣ 40,000ದವರೆಗೆ, ಶಿಕ್ಷಾ ಬಂದಿಗಳಿಗೆ ದಂಡದ ಹಣ 25,000ದವರೆಗೆ ಇತ್ತು. ಒಂದು ತೊಡಕಿದೆ. ಯೋಜನೆ ಕೊಡೋದು ಹಣ, ನಮ್ಮ ಹುಡುಗನ ಆದೇಶ ಕೇಳಿದ್ದು ಮನುಷ್ಯನನ್ನ. ಹಾಗಾಗಿ ಮೊದಲು ಕೋರ್ಟಿನಲ್ಲಿ ಷರತ್ತು ಬದಲಿಸಿಕೊಳ್ಳಬೇಕಾಯಿತು. ಪ್ರಾಧಿಕಾರಕ್ಕೆ ಪತ್ರ ಟೈಪ್ ಮಾಡಿ ಸಾಹೇಬರ ಮುಂದಿಟ್ಟೆ. ‘ಇದು ನಿಮ್ಮ ಸೆಕ್ಷನ್ನಾ?’ ಅಂದರು. ‘ಅಲ್ಲ ಸಾರ್, ಆದ್ರೆ ಊಟದ ಬಿಲ್ಲು ನಂದೇ’ ಅಂದೆ. ನಕ್ಕು ಸಹಿ ಹಾಕಿದರು. ಪ್ರಾಧಿಕಾರದ ವಕೀಲರು ಅರ್ಜಿ ಹಾಕಿದ ಮೇಲೆ ಷರತ್ತು ಸಡಿಲವಾಯಿತು. ಮೂರು ವಾರದಲ್ಲಿ ಹುಡುಗ ಹೋದ. ಹೋಗುವಾಗ ಬಸ್ ಚಾರ್ಜಿಗೆ ವಾರ್ಡರ್‌ಗಳು ಕೈಯಿಂದ ಹಾಕಿದರು. ಅದಕ್ಕೆ ಬಿಲ್ಲಿಲ್ಲ.

ಈಗ ಸೋಮವಾರ ಬೆಳಿಗ್ಗೆ ರೇಷನ್ ಲೆಕ್ಕದ ಜೊತೆಗೆ ಎರಡು ಪಟ್ಟಿ ತೆಗೆಯುತ್ತೇನೆ. ಜಾಮೀನಾಗಿ ಏಳು ದಿನ ದಾಟಿದವರದ್ದು ಒಂದು. ಇನ್ನೊಂದು ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ 479ನೇ ಸೆಕ್ಷನ್ನಿನದ್ದು: ಗರಿಷ್ಠ ಶಿಕ್ಷೆಯ ಅರ್ಧ ಒಳಗೇ ಕಳೆದವರು, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ಮೊದಲ ಸಲದವರಾದರೆ ಮೂರನೇ ಒಂದು ಭಾಗ ಕಳೆದವರು. ಮರಣದಂಡನೆ, ಜೀವಾವಧಿಯ ಕೇಸುಗಳು ಇದರಲ್ಲಿ ಬರಲ್ಲ, ಒಂದಕ್ಕಿಂತ ಜಾಸ್ತಿ ಕೇಸಿದ್ದವರೂ ಬರಲ್ಲ. ಅರ್ಜಿ ಹಾಕೋದು ಅಧೀಕ್ಷಕರ ಕೆಲಸ ಅಂತ ಕಾನೂನೇ ಹೇಳುತ್ತೆ. ಕೆಲವು ವಾರ ಪಟ್ಟಿಯಲ್ಲಿ ಯಾರೂ ಇರಲ್ಲ. ಕೆಲವು ವಾರ ಒಬ್ಬರೋ ಇಬ್ಬರೋ ಇರ್ತಾರೆ.

ಮೊನ್ನೆ ಸಂಜೆ ನಾಲ್ಕಕ್ಕೆ ಅದೇ ಆರ್‌ಎಸ್‌ಐ ಫೋನು. ‘ಸಾರ್, ನಾಳೆ ಸಿಎಂ ಪ್ರೋಗ್ರಾಂ. ನಾಲ್ಕೇ ಜನ ಇದಾರೆ.’ ಪಟ್ಟಿ ಓದಿದೆ. ಕೋರ್ಟಿಗೆ ಒಂಬತ್ತು, ಅದರಲ್ಲಿ ಆರು ವಿಸಿಗೆ ಆಗುತ್ತೆ. ಆಸ್ಪತ್ರೆಗೆ ಒಬ್ಬ, ಕಾಲಿಗೆ ಗಾಯ.

‘ಶುಗರ್ ಇದೆಯಾ?’ ಅಂದರು.

‘ಇದೆ.’

‘ಹಂಗಾದ್ರೆ ಅವನನ್ನ ಎಂಟಕ್ಕೇ ರೆಡಿ ಮಾಡಿ. ಕೋರ್ಟಿನ ಮೂವರನ್ನ ಆಮೇಲೆ ಎತ್ಕೋತೀವಿ.’

ಬಂಕಿಗೆ ಫೋನ್ ಮಾಡಿದೆ. ಹಳೇ ಬಾಕಿ ಎಷ್ಟು ಅಂತ ಅವರೇ ನೆನಪಿಸಿದರು. ಬೈಸಿಕೊಂಡು 20 ಲೀಟರ್ ಹಾಕಿಸಿಕೊಂಡೆ.